ಹಳೆ ಕೂಲರ್‌ನಲ್ಲಿ ಎರಡು ಕೋಳಿ: 38 ದಿನದ ರಿಪೇರಿ ಲೆಕ್ಕ

ಏಪ್ರಿಲ್, ಮೇ ನನಗೆ ಸುಗ್ಗಿ. ವಿಜಯಪುರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನಿಗೆ ಬೇಸಿಗೆಯಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಊರ ಕೂಲರ್‌ಗಳೆಲ್ಲ ಮಾತಾಡಿಕೊಂಡ ಹಾಗೆ ಒಂದೇ ವಾರ ಕೆಡುತ್ತವೆ. ಅಂಥ ಒಂದು ಭಾನುವಾರ ಬೆಳಿಗ್ಗೆ ಸುಟ್ಟ ಮೋಟರಿನ ತಂತಿ ಬಿಚ್ಚುತ್ತಾ ಕೂತಿದ್ದೆ. ಹಿತ್ತಲಿನಿಂದ ಅವ್ವ ಕೂಗಿದಳು.

"ತಮ್ಮಾ, ಲಗೂ ಬಾ! ನಾಯಿ ಹೊಕ್ಕೈತಿ!"

ನಾನು ಹೋಗುವಷ್ಟರಲ್ಲಿ ನಾಯಿ ಗೇಟಿನ ಕೆಳಗಿನ ಸಂದಿಯಲ್ಲಿ ನುಸುಳುತ್ತಿತ್ತು. ಹಿತ್ತಲ ತುಂಬ ಪುಕ್ಕ. ಅವ್ವ ಸಾಕಿದ್ದು ಎಂಟು ಜವಾರಿ ಕೋಳಿ, ಒಂದು ಹುಂಜ. ಐದು ಕೋಳಿ ಮಾಳಿಗೆ ಹತ್ತಿದ್ದವು. ಒಂದು ಲಿಂಬೆ ಗಿಡದ ಮುಳ್ಳಿನ ನಡುವೆ ಕೂತಿತ್ತು. ಕೆಂಚಿ ಎಂದು ನಾವು ಕರೆಯುವ ಕೆಂಪು ಕೋಳಿಯ ಬೆನ್ನಿನ ಚರ್ಮ ರೆಕ್ಕೆಯ ನಡುವಿನಿಂದ ಬಾಲದ ತನಕ ಹರಿದಿತ್ತು. ಅಂಗೈ ಅಗಲ ಮಾಂಸ ಕಾಣುತ್ತಿತ್ತು. ಚುಕ್ಕಿ ಎಂಬ ಎಳೆ ಕೋಳಿಯ ಎಡಗಾಲು ಮೊಣಕಾಲಿನ ಕೆಳಗೆ, ಪುಕ್ಕವಿಲ್ಲದ ಭಾಗದಲ್ಲಿ ಮುರಿದು ಜೋತಾಡುತ್ತಿತ್ತು. ಹುಂಜ ಬಾಲದ ಗರಿ ಕಳೆದುಕೊಂಡು ನಿಂತಿತ್ತು. ಎಲ್ಲೂ ರಕ್ತ ಇರಲಿಲ್ಲ. 'ಇದು ಪಾರಾಯಿತು' ಎಂದುಕೊಂಡು ಅದನ್ನು ಬಿಟ್ಟೆ. ಆ ತಪ್ಪಿನ ಲೆಕ್ಕ ಮುಂದೆ ಬರುತ್ತದೆ.

ದಿನ 1

ಎತ್ತಿಕೊಂಡರೆ ಕೆಂಚಿ ಮಿಸುಕಲಿಲ್ಲ. ದಿನಾ ಹಿಡಿಯಲು ಹೋದರೆ ಹಿತ್ತಲ ಸುತ್ತಿಸುವ ಕೋಳಿ ಅದು. ಹೀಗೆ ಅರ್ಧ ಕಣ್ಣು ಮುಚ್ಚಿ ತೆಪ್ಪಗೆ ಕೂತರೆ ಅದು ಸಾಧು ಆಗಿದೆ ಎಂದಲ್ಲ, ಶಾಕ್ ಆಗಿದೆ ಎಂದು ತಿಳಿಯಬೇಕು. ಹಳೆ ಟವೆಲ್‌ನಲ್ಲಿ ಸಡಿಲವಾಗಿ ಸುತ್ತಿದೆ. ಕೋಳಿಯ ಎದೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಬಾರದು. ಅದಕ್ಕೆ ನಮ್ಮ ಹಾಗೆ ಹೊಟ್ಟೆ ಎದೆ ನಡುವೆ ಉಸಿರಾಡಿಸುವ ಸ್ನಾಯುವಿನ ಪರದೆ (ವಪೆ) ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು.

ಪಕ್ಕದ ಮನೆ ಕಾಕು ಲೋಟದಲ್ಲಿ ನೀರು ತಂದು, ಬಾಯಿ ತೆರೆದು ಸುರಿಯಲು ಬಂದರು. "ಬ್ಯಾಡ್ರೀ ಕಾಕು" ಎಂದು ಕೈ ಹಿಡಿದೆ. ಕೋಳಿಯ ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಸುರಿದ ನೀರು ಅಲ್ಲಿಗೆ ಹೋದರೆ ಕಥೆ ಮುಗಿಯಿತು. ಬೆಲ್ಲದ ನೀರಲ್ಲಿ ಬೆರಳು ಅದ್ದಿ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿದೆ. ಹತ್ತು ನಿಮಿಷದ ಮೇಲೆ ತಾನೇ ನುಂಗಿತು.

ಗಾಯ ತೊಳೆಯಲು ಉಪ್ಪುನೀರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಅಂಗಡಿಯಲ್ಲಿ ತಾಮ್ರದ ತಂತಿ ತೂಗುವ ಡಿಜಿಟಲ್ ತಕ್ಕಡಿ ಇದ್ದದ್ದರಿಂದ ಚಮಚದ ಅಂದಾಜು ಬೇಕಾಗಲಿಲ್ಲ. ಸೂಜಿ ತೆಗೆದ 20 ಎಂಎಲ್ ಸಿರಿಂಜಿನಲ್ಲಿ ತುಂಬಿ, ಗಾಯದ ಮೇಲೆ ಪಿಚಕಾರಿ ಹೊಡೆದ ಹಾಗೆ ಬಿಟ್ಟೆ. ಮಣ್ಣು, ಪುಕ್ಕದ ತುಣುಕು, ನಾಯಿಯ ಜೊಲ್ಲು ಎಲ್ಲ ಹೋಗುವವರೆಗೆ. ಒಂದು ಲೀಟರ್ ಪೂರ್ತಿ ಖಾಲಿಯಾಯಿತು. ಗಾಯದ ಸುತ್ತಲಿನ ಪುಕ್ಕವನ್ನು ಕತ್ತರಿಯಲ್ಲಿ ಕತ್ತರಿಸಿದೆ. ಕೀಳಲಿಲ್ಲ. ಕಿತ್ತರೆ ಪಕ್ಕದ ಚರ್ಮವೂ ಹರಿಯುತ್ತದೆ, ಕೋಳಿ ಚರ್ಮ ಅಷ್ಟು ತೆಳು. ಕೊನೆಗೆ ಬೆಟಾಡಿನ್, ಅದೂ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ.

ಅವ್ವ ಅರಿಶಿನ, ಎಣ್ಣೆ ಕಲಸಿ ತಂದಿದ್ದಳು. ಅರಿಶಿನದ ಮೇಲೆ ನನಗೆ ತಕರಾರಿಲ್ಲ. ಎಣ್ಣೆ ಬೇಡ ಎಂದೆ. ಪುಕ್ಕಕ್ಕೆ ಎಣ್ಣೆ ಹತ್ತಿದರೆ ಮಣ್ಣು ಕೂಡುತ್ತದೆ, ತೊಳೆಯುವುದು ದೊಡ್ಡ ಪಡಿಪಾಟಲು. ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು.

ಎರಡೂ ಕೋಳಿಗೆ ರಟ್ಟಿನ ಡಬ್ಬಿ, ಒಳಗೆ ಹಳೆ ಧೋತರದ ತುಂಡು, ಕತ್ತಲೆ ಕೋಣೆ. ಗಾಯವಾದ ಕೋಳಿಗೆ ಬಲ್ಬ್ ಹಚ್ಚಿ ಬೆಚ್ಚಗಿಡಿ ಎಂದು ಎಲ್ಲರೂ ಹೇಳುತ್ತಾರೆ. ಚಳಿ ಊರಿನಲ್ಲಿ ಸರಿ. ನಮ್ಮಲ್ಲಿ ಅವತ್ತು 40 ಡಿಗ್ರಿ ದಾಟಿತ್ತು. ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ. ಬೆವರಿ ತಣಿಯಲು ಅದಕ್ಕೆ ಬೆವರಿನ ಗ್ರಂಥಿಯೂ ಇಲ್ಲ. ಬಲ್ಬ್ ಹಚ್ಚಿದ್ದರೆ ಬೆಂದೇ ಹೋಗುತ್ತಿತ್ತು. ಕತ್ತಲೆ ಮತ್ತು ಸದ್ದಿಲ್ಲದ ಜಾಗ ಸಾಕಾಯಿತು.

ದಿನ 2

ಬೆಳಿಗ್ಗೆ ಹುಂಜ ಸತ್ತು ಬಿದ್ದಿತ್ತು.

ಕೈಯಲ್ಲಿ ಹಿಡಿದು ಪುಕ್ಕ ಸರಿಸಿದರೆ ರೆಕ್ಕೆಯ ಕೆಳಗೆ ಎರಡು ತೂತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು. ಸುತ್ತ ಚರ್ಮ ಉಬ್ಬಿ, ಒತ್ತಿದರೆ ಚುರುಚುರು ಎನ್ನುತ್ತಿತ್ತು. ಆಮೇಲೆ ಪಶು ಆಸ್ಪತ್ರೆಯ ಡಾಕ್ಟರ್ ಅರ್ಥ ಮಾಡಿಸಿದರು. ಹಕ್ಕಿಗಳಿಗೆ ಪುಪ್ಪುಸದ ಜೊತೆಗೆ ಮೈಯೊಳಗೆಲ್ಲ ಗಾಳಿಚೀಲ ಹರಡಿಕೊಂಡಿರುತ್ತವೆ. ಹಲ್ಲು ಅಲ್ಲಿಗೆ ತಾಗಿದರೆ ಗಾಳಿ ಸೋರಿ ಚರ್ಮದಡಿ ಸೇರುತ್ತದೆ. ನಾಯಿ ಕಚ್ಚಿ ಕೊಡವಿದಾಗ ಹೊರಗೆ ತೂತು ಸಣ್ಣದು, ಒಳಗೆ ಹಾಳಾಗುವುದು ಜಾಸ್ತಿ. ನಾನು ರಕ್ತ ಕಂಡ ಕಡೆ ಮಾತ್ರ ನೋಡಿದ್ದೆ. ಮೋಟರ್ ಬಂದರೆ ಒಂದೊಂದು ಸುರುಳಿಯನ್ನೂ ಮೀಟರ್ ಹಿಡಿದು ನೋಡುವವನು ನಾನು. ಹುಂಜವನ್ನು ಮಾತ್ರ ಕಣ್ಣಳತೆಯಲ್ಲಿ ಪಾಸ್ ಮಾಡಿದೆ. ಅವತ್ತೇ ಕೆಂಚಿ, ಚುಕ್ಕಿ ಇಬ್ಬರ ಮೈಯನ್ನೂ ಪುಕ್ಕ ಊದಿ ಊದಿ ಪೂರ್ತಿ ತಡವಿದೆ. ಕೆಂಚಿಯ ತೊಡೆಯಲ್ಲಿ ಇನ್ನೊಂದು ಹಲ್ಲಿನ ಗುರುತು ಸಿಕ್ಕಿತು.

ಹುಂಜವನ್ನು ಲಿಂಬೆ ಗಿಡದ ಬುಡದಲ್ಲಿ ಆಳವಾಗಿ ಹೂತೆವು. ಅವ್ವ ಆ ದಿನ ಮಾತಾಡಲಿಲ್ಲ.

ಪಶು ಆಸ್ಪತ್ರೆಯಲ್ಲಿ ಎಮ್ಮೆ, ಆಡುಗಳ ನಡುವೆ ಡಬ್ಬಿ ಹಿಡಿದು ನಿಂತಾಗ ಒಂದಿಬ್ಬರು ನಕ್ಕರು. "ಒಂದು ಕೋಳಿಗೆ ಇಷ್ಟ್ಯಾಕ್ರೀ, ಸಾರು ಮಾಡೂದು ಬಿಟ್ಟು?" ಡಾಕ್ಟರ್ ನಗಲಿಲ್ಲ. ಕೆಂಚಿಯ ಗಾಯಕ್ಕೆ ಹೊಲಿಗೆ ಹಾಕಲಿಲ್ಲ. ನಾಯಿ ಕಚ್ಚಿದ ಕೊಳಕು ಗಾಯವನ್ನು ಹೊಲಿದು ಮುಚ್ಚಿದರೆ ಒಳಗೇ ಕೀವು ತುಂಬುತ್ತದೆ, ತೆರೆದಿದ್ದೇ ಮಾಯಲಿ ಎಂದರು. ಸೋಂಕಿಗೆ ಒಂದು ಔಷಧಿ, ನೋವಿಗೆ ಒಂದು. ಡೋಸ್ ಇಲ್ಲಿ ಬರೆಯುವುದಿಲ್ಲ, ಅದು ತೂಕದ ಮೇಲೆ ಹೋಗುತ್ತದೆ. ಔಷಧಿ ನಡೆಯುವಾಗಲೂ ಮುಗಿದ ಮೇಲೆ ಅವರು ಹೇಳಿದಷ್ಟು ದಿನವೂ ಮೊಟ್ಟೆ ತಿನ್ನಬಾರದು ಎಂದು ಎರಡು ಸಲ ಹೇಳಿ ಕಳಿಸಿದರು. ಆಸ್ಪತ್ರೆ ದೂರ ಇದ್ದವರು 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ್ದು ವಿಚಾರಿಸಬಹುದು.

ನಮ್ಮ ಸೊಂಟ ನೋವಿನ ಗುಳಿಗೆಯನ್ನು ಪುಡಿ ಮಾಡಿ ಕೊಡುವವರೂ ಇದ್ದಾರೆ. ಬೇಡ. ಅಂಥ ಒಂದು ನೋವಿನ ಔಷಧಿಯಾದ ಡೈಕ್ಲೋಫೆನಾಕ್ ಕೊಟ್ಟ ದನಗಳು ಸತ್ತ ಮೇಲೆ ಅವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಅದಕ್ಕೇ 2006ರಲ್ಲಿ ಜಾನುವಾರುಗಳಿಗೆ ಅದನ್ನು ಬಳಸುವುದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಾಯವಿಲ್ಲದೆ ಕೋಳಿಗಳು ಒಂದರ ಹಿಂದೆ ಒಂದು ಸಾಯುತ್ತಿದ್ದರೆ ಮನೆಯಲ್ಲಿಟ್ಟು ಆರೈಕೆ ಮಾಡುವ ಸಾಹಸ ಬೇಡ. ಅದು ರೋಗ. ಮುಟ್ಟದೆ ಪಶು ಇಲಾಖೆಗೆ ತಿಳಿಸಬೇಕು.

ಕೂಲರ್ ಬಾಡಿಯ ಕೆಲಸ

ರಟ್ಟಿನ ಡಬ್ಬಿ ಎರಡನೇ ದಿನಕ್ಕೇ ಹಸಿಯಾಗಿ ಹೋಯಿತು. ಗುಂಪಿನೊಳಗೆ ಬಿಡುವ ಹಾಗಿಲ್ಲ. ಕೋಳಿಗಳಿಗೆ ರಕ್ತದ ಕೆಂಪು ಕಂಡರೆ ಕುಕ್ಕುವ ಚಟ. ಒಂದು ಶುರು ಮಾಡಿದರೆ ಎಲ್ಲ ಸೇರಿ ತಿಂದೇ ಹಾಕುತ್ತವೆ. ಅಂಗಡಿ ಹಿಂದೆ ಗುಜರಿಗೆ ಹಾಕಬೇಕೆಂದಿದ್ದ ಹಳೆ ಕಬ್ಬಿಣದ ಕೂಲರ್ ಬಾಡಿ ಇತ್ತು. ಎರಡಡಿ ಅಗಲ, ಮೂರಡಿ ಎತ್ತರ. ಅದನ್ನು ನೋಡಿದೊಡನೆ ಕೆಲಸ ಅರ್ಧ ಮುಗಿದ ಹಾಗಾಯಿತು. ಮೂರು ಕಡೆ ಗಾಳಿ ಕಿಂಡಿ, ಮುಂದೆ ಫ್ಯಾನಿನ ದುಂಡು ತೂತು, ಕೆಳಗೆ ನೀರಿನ ತೊಟ್ಟಿ. ಆಸ್ಪತ್ರೆಗೆ ಇನ್ನೇನು ಬೇಕು?

ಮೋಟರ್, ಪಂಪು, ಫ್ಯಾನ್ ಬಿಚ್ಚಿದೆ. ತುಕ್ಕು ಹಿಡಿದ ಅಂಚನ್ನೆಲ್ಲ ಅರದಿಂದ ತಿಕ್ಕಿದೆ. ನಾಯಿ ಹರಿದದ್ದನ್ನು ಮಾಯಿಸಲು ಹೊರಟು ತಗಡಿಗೆ ಹರಿಸಬಾರದಲ್ವಾ. ಫ್ಯಾನಿನ ತೂತಿಗೆ ಮತ್ತು ಕಿಂಡಿಗಳಿಗೆ ಅರ್ಧ ಇಂಚಿನ ವೆಲ್ಡ್ ಜಾಳಿ, ಡ್ರಿಲ್ ಹಾಕಿ ರಿವೆಟ್ ಹೊಡೆದೆ. ಒಂದು ಪಕ್ಕದ ಬಾಗಿಲನ್ನು ಹಾಗೇ ತೆಗೆದು ಹಾಕುವಂತೆ ಬಿಟ್ಟೆ. ನಡುವೆ ಒಂದು ಪ್ಲೈವುಡ್ ಹಲಗೆ ಇಟ್ಟು ಮೇಲೆ ಚುಕ್ಕಿ, ಕೆಳಗೆ ಕೆಂಚಿ. ಅಡಿಯ ತೊಟ್ಟಿಯಲ್ಲಿ ಹಳೆ ಪೇಪರ್, ಮೇಲಿನ ಹಲಗೆಗೂ ಪೇಪರ್. ದಿನಾ ಎರಡು ಸಲ ಬದಲು. ಹೊಟ್ಟು, ಹುಲ್ಲು ಏನೂ ಹಾಕಲಿಲ್ಲ. ತೆರೆದ ಗಾಯಕ್ಕೆ ಅಂಟಿಕೊಳ್ಳುತ್ತವೆ. ಪೇಪರ್ ಮೇಲೆ ಹಿಕ್ಕೆಯ ಬಣ್ಣವೂ ಕಾಣುತ್ತದೆ. ಕಡು ಹಸಿರು ನೀರು, ನಡುವೆ ಬಿಳಿ ಇದ್ದರೆ ಹೊಟ್ಟೆಗೆ ಕಾಳು ಹೋಗುತ್ತಿಲ್ಲ, ಬರೀ ಪಿತ್ತ ಬರುತ್ತಿದೆ ಎಂದರ್ಥ. ಕೆಂಚಿಗೆ ನಾಲ್ಕು ದಿನ ಹಾಗೇ ಇತ್ತು.

ಕೆಲಸ ಮುಗಿಸಿ ಬಹಳ ಖುಷಿಪಟ್ಟೆ. ಮರುದಿನ ಬೆಳಿಗ್ಗೆ ಖುಷಿ ಇಳಿಯಿತು.

ದಿನ 3: ನೊಣ

ಅರ್ಧ ಇಂಚಿನ ಜಾಳಿ ನಾಯಿಯನ್ನು ತಡೆಯುತ್ತದೆ, ಬೆಕ್ಕನ್ನು ತಡೆಯುತ್ತದೆ. ನೊಣವನ್ನು ತಡೆಯುವುದಿಲ್ಲ. ಇದು ಗೊತ್ತಾಗಲು ನನಗೆ ಒಂದು ರಾತ್ರಿ ಬೇಕಾಯಿತು. ಗಾಯದ ಅಂಚಿನ ಪುಕ್ಕಕ್ಕೆ ರವೆಯಂಥ ಬಿಳಿ ಕಾಳು ಗುಂಪಾಗಿ ಅಂಟಿದ್ದವು. ಮೊದಲ ದಿನದ ಗಡಿಬಿಡಿಯಲ್ಲೇ ಒಂದಷ್ಟು ಇಟ್ಟಿರಬೇಕು, ಯಾಕೆಂದರೆ ತೊಡೆಯ ಹಲ್ಲಿನ ತೂತಿನಲ್ಲಿ ಆಗಲೇ ಹುಳ ಮಿಸುಕುತ್ತಿದ್ದವು. ಬೇಸಿಗೆಯಲ್ಲಿ ನೊಣದ ಮೊಟ್ಟೆ ಒಡೆಯಲು ಒಂದು ದಿನ ಸಾಕು.

ದನಕ್ಕೆ ಹುಳ ಬಿದ್ದರೆ ಟರ್ಪೆಂಟೈನ್ ಬಿಡುವುದನ್ನು ಊರಲ್ಲಿ ನೋಡಿದ್ದೇನೆ. ಕೋಳಿಯ ತೆಳು ಚರ್ಮಕ್ಕೆ ಅದು ಬೆಂಕಿ. ಡಾಕ್ಟರಿಗೆ ಫೋನ್ ಮಾಡಿದೆ. ಉಪ್ಪುನೀರು ಹೊಡೆಯಿರಿ, ಚಿಮಟದಲ್ಲಿ ತೆಗೆಯಿರಿ, ಬೇರೆ ದಾರಿ ಇಲ್ಲ ಎಂದರು. ನನ್ನ ಮಗಳು ಮೊಬೈಲ್ ಟಾರ್ಚ್ ಹಿಡಿದಳು. ತಾಮ್ರದ ಸಣ್ಣ ತಂತಿ ಹಿಡಿಯುವ ಚಿಮಟವನ್ನು ಕುದಿಸಿ ತಂದೆ. ನೀರು ಬಿಟ್ಟ ಕೂಡಲೇ ಹುಳ ಉಸಿರಿಗಾಗಿ ಮೇಲೆ ಬರುತ್ತವೆ, ಆಗ ಹಿಡಿಯಬೇಕು. ಮೊದಲ ಸಲ 40 ನಿಮಿಷ, ಇಪ್ಪತ್ತರ ಮೇಲೆ. ಸಂಜೆ ಮತ್ತೆ ಏಳು. ಮರುದಿನ ಎರಡು. ಆಮೇಲೆ ಇಲ್ಲ. ಮಗಳು ಪ್ರತಿಯೊಂದನ್ನೂ ಎಣಿಸಿದಳು, ನಂತರ ಎರಡು ದಿನ ಅನ್ನ ತಿನ್ನಲಿಲ್ಲ.

ಅಂದೇ ಹಳೆ ಸೊಳ್ಳೆ ಪರದೆ ಕತ್ತರಿಸಿ ಕೂಲರಿಗೆ ಪೂರ್ತಿ ಹೊದಿಸಿದೆ. ಕೆಳಗೆ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಬಿಗಿದೆ. ಇಡೀ ರಿಪೇರಿಯಲ್ಲಿ ಕೆಂಚಿಯ ಜೀವ ಉಳಿಸಿದ್ದು ಆ ಪರದೆ ಎಂದೇ ನನ್ನ ಲೆಕ್ಕ.

ಬಿಸಿಲು

ಐದನೇ ದಿನ ಮಧ್ಯಾಹ್ನ ಊಟಕ್ಕೆ ಬಂದರೆ ಎರಡೂ ಕೋಳಿ ಬಾಯಿ ತೆರೆದು, ರೆಕ್ಕೆ ಹರವಿ ಏದುಸಿರು ಬಿಡುತ್ತಿದ್ದವು. ಕೂಲರನ್ನು ಇಟ್ಟದ್ದು ಪಡುವಣ ಕಟ್ಟೆಯ ಮೇಲೆ. ಬೆಳಿಗ್ಗೆ ನೆರಳು, ಮಧ್ಯಾಹ್ನ ಬಿಸಿಲು. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ತಂಪು ಮಾಡಲೆಂದು ಹುಟ್ಟಿದ ಡಬ್ಬಿ ರೊಟ್ಟಿ ಹಂಚಾಗಿತ್ತು. ಎತ್ತಿ ಬಡಗಣ ಗೋಡೆಯ ನೆರಳಿಗೆ ತಂದೆವು.

ಅಲ್ಲಿ ನನ್ನ ಕಸುಬಿನ ತಲೆ ಓಡಿತು. ಒಂದು ಕಿಂಡಿಗೆ ಹೊಸ ಹುಲ್ಲಿನ ಪ್ಯಾಡ್ ಕೂರಿಸಿ ನೀರು ಹನಿಸಿದೆ. ಗಾಳಿ ಬೀಸಿದಾಗೆಲ್ಲ ಒಳಗೆ ತಂಪು. ಎರಡು ದಿನ ನನ್ನಷ್ಟು ಬುದ್ಧಿವಂತ ಯಾರಿಲ್ಲ ಎಂದುಕೊಂಡಿದ್ದೆ. ಮುಂದಿನ ಸಲ ಡಾಕ್ಟರಿಗೆ ಫೋಟೋ ತೋರಿಸಿದರೆ, ಮೊದಲು ಆ ಹುಲ್ಲು ಕಿತ್ತೆಸೆಯಿರಿ ಎಂದರು. ಒದ್ದೆ ಹುಲ್ಲಿನಲ್ಲಿ ಬೂಸಲು ಬರುತ್ತದೆ. ಅದರ ಪುಡಿ ಗಾಳಿಚೀಲಕ್ಕೆ ಹೋದರೆ ಕೋಳಿಗೆ ಉಸಿರಿನ ಕಾಯಿಲೆ, ಅದು ಬಂದರೆ ವಾಸಿಯಾಗುವುದು ಕಷ್ಟ. ಕಿತ್ತೆ. ಬದಲಿಗೆ ತಗಡಿನ ಮೇಲೆ ಹೊರಗಿನಿಂದ ಗೋಣಿ ಚೀಲ ಹಾಸಿ, ಅವ್ವ ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದಳು. ಅದು ಅವಳದೇ ಐಡಿಯಾ. ಎಣ್ಣೆ ಬೇಡ ಎಂದ ಸಿಟ್ಟು ಅಲ್ಲಿಗೆ ಇಳಿಯಿತು.

ಕಾಲು

ಆಸ್ಪತ್ರೆಯಲ್ಲಿ ಚುಕ್ಕಿಯ ಕಾಲಿಗೆ ಪಟ್ಟಿ ಕಟ್ಟಿ ಕೊಟ್ಟಿದ್ದರು. ಆರನೇ ದಿನಕ್ಕೆ ಅದು ಹಿಕ್ಕೆಯಲ್ಲಿ ನೆನೆದು ಜಾರಿತು. ಡಾಕ್ಟರನ್ನು ಕೇಳಿಯೇ ಹೊಸದು ಮಾಡಿದೆ. ಮೋಟರಿನ ಒಳಗಿನ ಸಂದಿಗಳಲ್ಲಿ ತಂತಿ ತುಂಬಿದ ಮೇಲೆ ಅದು ಹೊರಗೆ ಬರದಂತೆ ಬಿದಿರಿನ ಸಣ್ಣ ಪಟ್ಟಿ ಬಡಿಯುತ್ತೇವೆ. ಹಗುರ, ನುಣುಪು, ಬಾಗುವುದಿಲ್ಲ. ಕೋಳಿ ಕಾಲಿಗೆ ಅಳತೆ ಮಾಡಿಸಿದ ಹಾಗಿತ್ತು. ಮೊದಲು ಹತ್ತಿ ಸುತ್ತಿ, ಎರಡು ಬದಿಗೆ ಎರಡು ಪಟ್ಟಿ, ಮೇಲೆ ಸುರುಳಿ ಕಟ್ಟುವ ಕಾಟನ್ ಟೇಪು. ಮೇಲಿನ ಕೀಲೂ ಅಲುಗದಂತೆ ತುಸು ಮೇಲಕ್ಕೆ ಒಯ್ದೆ. ಬೆರಳು ಮಾತ್ರ ಹೊರಗೆ. ಬೆಳಿಗ್ಗೆ, ಸಂಜೆ ಬೆರಳು ಮುಟ್ಟಿ ನೋಡುವುದು: ಬೆಚ್ಚಗಿದ್ದರೆ ಸರಿ, ತಣ್ಣಗಾಗಿದ್ದರೆ ಅಥವಾ ಊದಿದ್ದರೆ ಕಟ್ಟು ಬಿಗಿ. ಒಂದು ಸಲ ಬಿಗಿಯಾಗಿತ್ತು, ಬಿಚ್ಚಿ ಮತ್ತೆ ಕಟ್ಟಿದೆ.

ಮೂರು ವಾರಕ್ಕೆ ಬಿಚ್ಚಿದಾಗ ಮೂಳೆ ಕೂಡಿತ್ತು. ಬೆರಳಲ್ಲಿ ತಡವಿದರೆ ಗಂಟು ಸಿಗುತ್ತದೆ. ಕಾಲು ಕೊಂಚ ಹೊರಗೆ ತಿರುಗಿದೆ. ಆ ಮೊದಲ ಆರು ದಿನದ ಜಾರಾಟದಲ್ಲೇ ಹಾಗಾಗಿದೆ ಎಂದು ನನ್ನ ಗುಮಾನಿ.

ತೂಕ

ತಂತಿ ತಕ್ಕಡಿ ಮತ್ತೆ ಕೆಲಸಕ್ಕೆ ಬಂತು. ದಿನಾ ಬೆಳಿಗ್ಗೆ ಟವೆಲ್ ಸುತ್ತಿ ತೂಗಿ, ಟವೆಲ್ ತೂಕ ಕಳೆದು ಬರೆಯುತ್ತಿದ್ದೆ. ಕೆಂಚಿ ಮೊದಲ ದಿನ 1,540 ಗ್ರಾಂ. ಏಳನೇ ದಿನ 1,390. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಪುಕ್ಕ ಎಲ್ಲವನ್ನೂ ಮುಚ್ಚುತ್ತದೆ. ಎದೆಯ ಮೂಳೆ ಮಾತ್ರ ಕೈಗೆ ಚೂಪಾಗಿ ಸಿಗುತ್ತಿತ್ತು. ಜೋಳದ ನುಚ್ಚು ಇಟ್ಟರೆ ಮುಟ್ಟಲಿಲ್ಲ. ಸಜ್ಜೆ ಇಟ್ಟರೂ ಇಲ್ಲ. ಕೊನೆಗೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ನುಚ್ಚಿನ ಗಂಜಿಯಲ್ಲಿ ಕಲಸಿ, ಚುಕ್ಕಿಯನ್ನು ಪಕ್ಕಕ್ಕೆ ತಂದು ತಿನ್ನಿಸಿದೆ. ಇನ್ನೊಂದು ತಿನ್ನುವುದು ಕಂಡು ಇದಕ್ಕೂ ಹೊಟ್ಟೆಕಿಚ್ಚು ಬಂತು. ಅವತ್ತಿನಿಂದ ತೂಕ ಏರಿತು. ಸಂಜೆ ಮಲಗುವ ಮುನ್ನ ಕುತ್ತಿಗೆ ಬುಡದ ಕಾಳಿನ ಚೀಲ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಇಷ್ಟು ನೋಡಿದರೆ ಹೊಟ್ಟೆಯ ವಿಚಾರ ಮುಗಿಯಿತು.

ಗಾಯದ ಬಗ್ಗೆ ಹೇಳುವುದು ಕಡಿಮೆ. ಮೊದಲ ವಾರ ನೋಡಲು ಆಗುತ್ತಿರಲಿಲ್ಲ. ಆಮೇಲೆ ಗುಲಾಬಿ ಮಾಂಸ ತುಂಬಿತು, ಅಂಚಿನಿಂದ ಚರ್ಮ ತೆವಳಿ ಬಂತು. 28ನೇ ದಿನ ಒಂದು ರೂಪಾಯಿ ನಾಣ್ಯದಷ್ಟು ಉಳಿದಿತ್ತು. ಕಿತ್ತು ಹೋಗಿದ್ದ ಕಡೆ ಹೊಸ ಪುಕ್ಕದ ಮೊಳೆ ಬಂದವು. ನಾನು ಕತ್ತರಿಸಿದ ಪುಕ್ಕ ಹಾಗೇ ಮೋಟಾಗಿ ನಿಂತಿವೆ. ಅವು ಮುಂದಿನ ಸಲ ಪುಕ್ಕ ಉದುರಿಸುವ ತನಕ ಹಾಗೇ.

ವಾಪಸ್ ಗುಂಪಿಗೆ

ಹುಳ ತೆಗೆದಾಗಲೂ ಇಷ್ಟು ತಲೆಕೆಡಿಸಿಕೊಂಡಿರಲಿಲ್ಲ. ನಾಲ್ಕು ವಾರದ ಮೇಲೆ ಕೆಂಚಿಯನ್ನು ಹೊರಗೆ ಬಿಟ್ಟರೆ ಆರು ಕೋಳಿಯೂ ಅದನ್ನು ಯಾರೋ ಹೊರಗಿನವಳು ಎನ್ನುವಂತೆ ನೋಡಿದವು. ಮೊದಲು ಅದೇ ಗುಂಪಿನ ಹಿರಿಯಳು. ಹುಂಜ ಬೇರೆ ಇಲ್ಲ, ನಡುವೆ ಬಂದು ಬಿಡಿಸಲು. ಕಪ್ಪು ಕೋಳಿಯೊಂದು ನೇರ ಬಂದು ಹೊಸ ಪುಕ್ಕದ ಮೊಳೆಗೇ ಕುಕ್ಕಿತು. ಆ ಮೊಳೆಯೊಳಗೆ ರಕ್ತ ಹರಿಯುತ್ತಿರುತ್ತದೆ. ಒಂದು ಹನಿ ಬಂತು, ಉಳಿದವು ಓಡಿ ಬಂದವು. ಎತ್ತಿಕೊಂಡು ಒಳಗೆ ಓಡಿದೆ.

ಅವ್ವ ಬೆನ್ನಿಗೆ ಕಟ್ಟಲು ಒಂದು ಕುಂಚಿಗೆಯಂಥದ್ದು ಹೊಲಿದಳು. ಎರಡು ರೆಕ್ಕೆಯ ಬುಡಕ್ಕೆ ಎರಡು ಎಲಾಸ್ಟಿಕ್, ಬೆನ್ನ ಮೇಲೆ ಬಟ್ಟೆ. ತನ್ನ ಹಳೆ ಇಳಕಲ್ ಸೀರೆಯ ಸೆರಗಿನ ತುಂಡು. ನೋಡಲು ಏನು ಚೆಂದ! ಆದರೆ ಇಳಕಲ್ ಸೆರಗು ಕೆಂಪು. ಆರು ಕೋಳಿ ಸೇರಿ ಹತ್ತು ನಿಮಿಷದಲ್ಲಿ ಅದನ್ನು ಕುಕ್ಕಿ ಚಿಂದಿ ಮಾಡಿದವು. ಎರಡನೆಯದನ್ನು ನನ್ನ ಹಳೆ ಖಾಕಿ ಪ್ಯಾಂಟಿನಿಂದ ಹೊಲಿದಳು. ಅದನ್ನು ಯಾವ ಕೋಳಿಯೂ ತಿರುಗಿ ನೋಡಲಿಲ್ಲ.

ಆಮೇಲೆ ನಿಧಾನ ಮಾಡಿದೆ. ಒಂದು ವಾರ ಕೂಲರನ್ನೇ ಹಿತ್ತಲ ನಡುವೆ ನೆರಳಲ್ಲಿಟ್ಟು, ಜಾಳಿಯ ಹೊರಗೆ ಕಾಳು ಚೆಲ್ಲಿದೆ. ಒಳಗಿನವರು, ಹೊರಗಿನವರು ಎದುರುಬದುರು ತಿನ್ನಲಿ ಎಂದು. ಒಂಟಿಯಾಗಿ ಬಿಡುವ ಬದಲು ಕೆಂಚಿ, ಚುಕ್ಕಿ ಇಬ್ಬರನ್ನೂ ಜೊತೆಗೆ ಬಿಟ್ಟೆ. ಅದೂ ಸಂಜೆ ಕತ್ತಲಾಗುವ ಅರ್ಧ ಗಂಟೆ ಮುಂಚೆ. ಎಲ್ಲರಿಗೂ ಮಲಗುವ ಅವಸರ, ಜಗಳಕ್ಕೆ ಟೈಮ್ ಇಲ್ಲ. ಕಾಳನ್ನು ಒಂದೇ ಕಡೆ ಇಡದೆ ಮೂರು ಕಡೆ ಇಟ್ಟೆ. ನಾಲ್ಕೈದು ದಿನ ಗುದ್ದಾಟ ಇತ್ತು. ರಕ್ತ ಬಂದರೆ ಮಾತ್ರ ನಡುವೆ ಹೋಗುವುದು ಎಂದು ಗಟ್ಟಿ ಮಾಡಿಕೊಂಡು ಕೂತಿದ್ದೆ. ಬರಲಿಲ್ಲ. 38ನೇ ದಿನ ರಾತ್ರಿ ಟಾರ್ಚ್ ಹಾಕಿ ನೋಡಿದರೆ ಕೆಂಚಿ ಕಪ್ಪು ಕೋಳಿಯ ಪಕ್ಕದಲ್ಲೇ ಕೂತಿತ್ತು. ಹಿರಿತನ ಮಾತ್ರ ಹೋಯಿತು. ಈಗ ಕಾಳಿಗೆ ಕೊನೆಗೆ ಬರುತ್ತದೆ.

ಗೇಟಿನ ಕೆಳಗಿನ ಸಂದಿಗೆ ಉಳಿದ ಜಾಳಿಯನ್ನು ರಿವೆಟ್ ಹೊಡೆದು, ನೆಲದಲ್ಲೂ ಒಂದು ಅಡಿ ಹೂತಿದ್ದೇನೆ. ಇದನ್ನು ಮೊದಲೇ ಮಾಡಿದ್ದರೆ ಒಂದು ಗಂಟೆಯ ಕೆಲಸ. ಚುಕ್ಕಿಗೆ ಎತ್ತರ ಹಾರಲು ಆಗುವುದಿಲ್ಲ, ಅದಕ್ಕೆ ಗೂಡಿನಲ್ಲಿ ಒಂದಡಿ ಎತ್ತರದಲ್ಲಿ ಇನ್ನೊಂದು ಕೋಲು ಕಟ್ಟಿದೆ.

ಕೂಲರ್ ಬಾಡಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ ಅಂಗಡಿ ಬಾಗಿಲಲ್ಲಿ ಇಟ್ಟಿದ್ದೆ. ಬಾಗಿಲು ಹಾಕುವುದು ಮರೆತಿದ್ದೆ. ಮೊನ್ನೆ ಗಿರಾಕಿಯೊಬ್ಬರು, "ಈ ಬಾಡಿ ಎಷ್ಟಕ್ಕ ಕೊಡ್ತೀರ್ರೀ?" ಎಂದು ಬಗ್ಗಿ ನೋಡಿ ಹಿಂದೆ ಸರಿದರು. ಒಳಗೆ ಕೆಂಚಿ ಮೊಟ್ಟೆ ಇಡಲು ಕೂತಿತ್ತು.